ಇನ್ನೊಂದ್ಸಲದಕ್ಕನ ಕೊನೆಯ ಚೀಟಿ

ಕನ್ನಡಕದ ಗಾಜು ಉಜ್ಜುವ ಆ ಕಾರ್ಖಾನೆಗೆ ಯಾರೇ ಫೋನು ಮಾಡಲಿ, ಮೂವತ್ತೊಂದು ವರ್ಷದಿಂದ ಅವರ ಕಿವಿಗೆ ಬೀಳುತ್ತಿದ್ದದ್ದು ಒಂದೇ ಮಾತು: "ಇನ್ನೊಂದ್ಸಲ ಹೇಳಿ." ಹಾಗಾಗಿ ಫೋನಿನ ಮೇಜಿನ ಹೆಂಗಸಿಗೆ ಅಪ್ಪ ಅಮ್ಮ ಇಟ್ಟ ಹೆಸರು ಅಳಿಸಿಹೋಗಿ, ಇನ್ನೊಂದ್ಸಲದಕ್ಕ ಎಂಬ ಹೆಸರು ಅಂಟಿಕೊಂಡಿತ್ತು. ಎದುರಿಗೆ ಎಲ್ಲರೂ ಬರೀ ಅಕ್ಕ ಎನ್ನುತ್ತಿದ್ದರು. ಬೆನ್ನ ಹಿಂದೆ ಪೂರ್ತಿ ಹೆಸರು. ಅಕ್ಕನಿಗೆ ಅದು ಗೊತ್ತಿತ್ತು. ಗೊತ್ತಿಲ್ಲದವಳ ಹಾಗೆ ಇದ್ದು ಒಳಗೊಳಗೇ ಖುಷಿಪಡುತ್ತಿದ್ದಳು.

ಅವಳ ಗಂಡ ಬಸ್ಸು ಓಡಿಸಿ ನಿವೃತ್ತನಾದವನು, ಸಿಕ್ಕಸಿಕ್ಕವರಿಗೆಲ್ಲ ಒಂದು ಕಥೆ ಹೇಳುತ್ತಾನೆ. ಮದುವೆಗೆ ಮುಂಚೆ ಒಂದು ದಿನ ಅವನು ನಾಚಿಕೊಂಡು, ಹಣೆಯ ಬೆವರು ಒರೆಸಿಕೊಂಡು, "ನೀವು ನನಗೆ ಇಷ್ಟ ಆದ್ರಿ" ಅಂದನಂತೆ. ಇವಳು ನೆಲ ನೋಡುತ್ತ "ಇನ್ನೊಂದ್ಸಲ ಹೇಳಿ" ಅಂದಳಂತೆ. "ಕೇಳಿಸಲಿಲ್ಲ ಅಂತಲ್ಲ ಮಾರಾಯ್ರೇ, ಪಕ್ಕಾ ಮಾಡ್ಕೊಳ್ಳೋಕೆ!" ಎಂದು ತೊಡೆ ತಟ್ಟಿಕೊಂಡು ನಗುತ್ತಾನೆ. ಅಕ್ಕನ ಪ್ರಕಾರ ಇದು ಹಸಿ ಸುಳ್ಳು. ಆ ಅಭ್ಯಾಸ ಹತ್ತಿದ್ದು ಮದುವೆಯಾಗಿ ಎಷ್ಟೋ ವರ್ಷದ ಮೇಲೆ, ಕಾರ್ಖಾನೆಯಲ್ಲಿ, ಒಂದು ತಪ್ಪು ಮಾಡಿ ಅತ್ತ ಮೇಲೆ.

ಕಾರ್ಖಾನೆ ಎಂದರೆ ಭಾರೀ ಏನಲ್ಲ. ಮುಂದೆ ಒಂದು ಕೋಣೆ, ಹಿಂದೆ ಒಂದು ಹಜಾರ. ಹಜಾರದಲ್ಲಿ ಉಜ್ಜುವ ಯಂತ್ರಗಳು ನೀರು ಚಿಮ್ಮಿಸುತ್ತ ದಿನವಿಡೀ ಗೊರಗೊರ ಎನ್ನುತ್ತವೆ. ಗಾಜಿನ ಪುಡಿ ಬೆರೆತ ನೀರು ಹಾಲಿನ ಬಣ್ಣಕ್ಕೆ ತಿರುಗಿ ಮೋರಿಗೆ ಇಳಿಯುತ್ತದೆ. ಅಲ್ಲಿನ ದೊರೆ ಮೇಸ್ತ್ರಿ. ಮುಂದಿನ ಕೋಣೆಯಲ್ಲಿ ಅಕ್ಕನ ಮೇಜು, ಎರಡು ರಿಸೀವರ್ ಇರುವ ಹಳೆಯ ಫೋನು, ಚೀಟಿಗಳ ಕಟ್ಟು. ಸುತ್ತಮುತ್ತಲ ಕನ್ನಡಕದ ಅಂಗಡಿಯವರು ಫೋನಿನಲ್ಲಿ ಗಿರಾಕಿಯ ಪವರ್ ಹೇಳುತ್ತಾರೆ, ಅಕ್ಕ ಬರೆದುಕೊಳ್ಳುತ್ತಾಳೆ, ಚೀಟಿ ಟ್ರೇಯಲ್ಲಿ ಕೂತು ಹಿಂದಕ್ಕೆ ಹೋಗುತ್ತದೆ, ಮೇಸ್ತ್ರಿ ಅದರಲ್ಲಿ ಇದ್ದ ಹಾಗೇ ಉಜ್ಜುತ್ತಾನೆ. ಚೀಟಿ ತಪ್ಪಾದರೆ ಗಾಜೂ ಅಷ್ಟೇ ಅಚ್ಚುಕಟ್ಟಾಗಿ ತಪ್ಪಾಗುತ್ತದೆ.

ಈ ಕಸುಬಿನಲ್ಲಿ ಒಂದು ಪುಟ್ಟ ಗೀಟಿನ ಕಾರುಬಾರು ಬಹಳ. ದೂರದ್ದು ಮಸುಕಾದವರಿಗೆ ಮೈನಸ್ ಗಾಜು, ಹತ್ತಿರದ್ದು ಮಸುಕಾದವರಿಗೆ ಪ್ಲಸ್. ಅಂಗಡಿಯವರಿಗೋ ಸದಾ ಅವಸರ. ಪ್ಲಸ್ಸೋ ಮೈನಸ್ಸೋ ಎಂಬ ಗುರುತು ನುಂಗಿಕೊಂಡು ಬರೀ "ಎರಡೂವರೆ" ಅಂದುಬಿಡುತ್ತಾರೆ. ಅಕ್ಕ ಕೆಲಸಕ್ಕೆ ಸೇರಿದ ಮೊದಲ ವರ್ಷ ಇಂಥದೇ ಒಂದು "ಎರಡೂವರೆ" ಬಂತು. "ಮೈನಸ್ ತಾನೆ? ಸರಿನಾ?" ಎಂದು ಕೇಳಿದಳು. "ಸರಿ ಸರಿ" ಅಂದರು. ಗಾಜು ಹೋಯಿತು. ಅದನ್ನು ಹಾಕಿಕೊಂಡವಳು ಬಟ್ಟೆ ಹೊಲಿಯುವ ಹೆಂಗಸು. ಬೇಕಾಗಿದ್ದದ್ದು ಪ್ಲಸ್. ಹೊಸ ಕನ್ನಡಕ ಹಾಕಿಕೊಂಡ ಮೇಲೆ ಅವಳಿಗೆ ಸೂಜಿಗೆ ದಾರ ಪೋಣಿಸಲು ಜಪ್ಪಯ್ಯ ಅಂದರೂ ಆಗಲಿಲ್ಲ. ಅವಳು ಕನ್ನಡಕವನ್ನು ಬೈಯಲಿಲ್ಲ, ತನ್ನನ್ನೇ ಬೈದುಕೊಂಡಳು. ವಯಸ್ಸಾಯಿತು, ಕೈ ಹೋಯಿತು ಎಂದುಕೊಂಡು ಹತ್ತು ದಿನ ಹೊಲಿಗೆ ಯಂತ್ರಕ್ಕೆ ಮುಸುಕು ಹಾಕಿ ಕೂತಿದ್ದಳು. ಸುದ್ದಿ ತಿಳಿದ ದಿನ ಅಕ್ಕ ಸರಿಯಾದ ಕನ್ನಡಕ ಹಿಡಿದುಕೊಂಡು ತಾನೇ ಅವಳ ಮನೆಗೆ ಓಡಿದಳು. ದಾರ ಒಂದೇ ಸಲಕ್ಕೆ ಸೂಜಿಯೊಳಗೆ ಹೋಯಿತು. ಹೊಲಿಗೆಯವಳು ನಕ್ಕಳು, ಅಕ್ಕ ಅತ್ತಳು. ಆ ಸೂಜಿಯನ್ನು ಕೇಳಿ ತಂದು ಮೇಜಿನ ಎದುರಿನ ಕ್ಯಾಲೆಂಡರಿಗೆ ಚುಚ್ಚಿದಳು. ಕ್ಯಾಲೆಂಡರು ವರ್ಷ ವರ್ಷ ಬದಲಾಯಿತು, ಸೂಜಿ ಬದಲಾಗಲಿಲ್ಲ.

ಅವತ್ತಿನಿಂದ ಅಕ್ಕ ಯಾರನ್ನೂ "ಸರಿನಾ?" ಎಂದು ಕೇಳಿದವಳಲ್ಲ. ಗುರುತು ಕೇಳುತ್ತಿದ್ದಳು. ಆಮೇಲೆ ನಾಲ್ಕು ಬೇರೆ ಮಾತಾಡಿ, ದಾರಿಯಲ್ಲಿ ಸಿಕ್ಕವರನ್ನು ವಿಚಾರಿಸಿದ ಹಾಗೆ, "ಅಲ್ಲಾ, ಅವರಿಗೆ ಓದುವಾಗ ಮಸುಕೋ, ದೂರದ ಬೋರ್ಡ್ ಮಸುಕೋ?" ಅನ್ನುತ್ತಿದ್ದಳು. ಎರಡು ಉತ್ತರ ಕೂಡಿಬಂದರೆ ಚೀಟಿ ಹಿಂದಕ್ಕೆ. ಕೂಡದಿದ್ದರೆ, "ಇನ್ನೊಂದ್ಸಲ ಹೇಳಿ." ಅಂಗಡಿಯವರು ಗೊಣಗುತ್ತಿದ್ದರು. ಆದರೂ ಅಲ್ಲಿಗೇ ಫೋನು ಮಾಡುತ್ತಿದ್ದರು.

ಈಗ ಅಕ್ಕನಿಗೆ ಅರವತ್ತು. ತಿಂಗಳ ಕೊನೆಯ ಶನಿವಾರ ನಿವೃತ್ತಿ. ಮಂಡಿ ನೋವಿನ ಮೇಸ್ತ್ರಿ ಯಂತ್ರವನ್ನು ತನ್ನ ಕೈಕೆಳಗಿನವರಿಗೆ ಬಿಟ್ಟು ಅಕ್ಕನ ಕುರ್ಚಿಗೆ ಬರುವುದೆಂದು ತೀರ್ಮಾನವಾಗಿತ್ತು. ಗಾಜಿನ ವಿಷಯದಲ್ಲಿ ಮೇಸ್ತ್ರಿ ಅಪ್ರತಿಮ. ಮಾತಿನ ವಿಷಯದಲ್ಲಿ ಮೂಗಿನ ತುದಿಯಲ್ಲೇ ಕೋಪ. ಕಾರ್ಖಾನೆಯ ಯಜಮಾನರಿಗೆ ಚಿಂತೆ ಹತ್ತಿತು. ಅವರು ಹಳೆಯ ಯಜಮಾನರ ಮಗ, ಅಕ್ಕನಿಗಿಂತ ಚಿಕ್ಕವರು, ಕೈಯಲ್ಲಿ ಮೊಬೈಲು ಇಲ್ಲದೆ ಅವರನ್ನು ನೋಡಿದವರಿಲ್ಲ.

"ಕಂಪ್ಯೂಟರ್ರೇ ಒಂದೊಂದಾಗಿ ಕೇಳೋ ಹಾಗೆ ಮಾಡಿಸೋಣ ಅಕ್ಕ. ಮೇಸ್ತ್ರಿ ಅದು ಕೇಳಿದ್ದನ್ನ ಫೋನಲ್ಲಿ ಕೇಳಿ, ಟೈಪ್ ಮಾಡಿದ್ರೆ ಸಾಕು" ಅಂದರು.

ಅದನ್ನು ಮಾಡಿಕೊಡಲು ಬಂದವಳು ಅಕ್ಕನ ತಂಗಿಯ ಮಗಳೇ. ವಯಸ್ಸು ಇಪ್ಪತ್ತಾರಾದರೂ ಒಂದು ಕಡೆ ಕೂರದ ಸ್ವಭಾವದಿಂದ ಮನೆಯಲ್ಲಿ ಅವಳು ಗುಬ್ಬಿ. ಸಣ್ಣಪುಟ್ಟ ಕಚೇರಿಗಳಿಗೆ ಬೇಕಾದ ಸ್ಕ್ರಿಪ್ಟು, ಅಂದರೆ ಪುಟ್ಟ ಕಂಪ್ಯೂಟರ್ ಪ್ರೋಗ್ರಾಂ, ಬರೆದುಕೊಡುವುದು ಅವಳ ಕೆಲಸ. ಚಿತ್ರವಿಲ್ಲ, ಗುಂಡಿಯಿಲ್ಲ; ಕಪ್ಪು ಪರದೆಯ ಮೇಲೆ ಒಂದು ಸಾಲು ಬರುತ್ತದೆ, ನೀವು ಉತ್ತರ ಟೈಪು ಮಾಡಿ ಎಂಟರ್ ಒತ್ತಿದರೆ ಮುಂದಿನ ಸಾಲು. ಅಕ್ಕನಿಗೆ ನೋಡಿದ ಕೂಡಲೇ ಹಿಡಿಸಿತು. ಇದೂ ತನ್ನ ಹಾಗೇ, ಒಂದು ಕೇಳುತ್ತದೆ, ಉತ್ತರ ಬರುವ ತನಕ ಕಾಯುತ್ತದೆ.

ಮೊದಲ ದಿನ ಮೇಸ್ತ್ರಿಯನ್ನು ಕೂರಿಸಿದರು. ಪರದೆ "ಬಲಗಣ್ಣು:" ಎಂದಿತು. ಮೇಸ್ತ್ರಿ ಒಂದೇ ಬೆರಳಿನಿಂದ, ಇರುವೆ ಒತ್ತಿದ ಹಾಗೆ, ಅಕ್ಷರದಲ್ಲಿ "ಎರಡೂವರೆ" ಎಂದು ಬರೆದ. ಪರದೆ "ತಪ್ಪು ಉತ್ತರ" ಎಂದು ಹೇಳಿ ಅಲ್ಲಿಗೇ ಮುಚ್ಚಿಕೊಂಡಿತು. ಮತ್ತೆ ಮೊದಲಿಂದ ಅಂಗಡಿಯ ಹೆಸರು, ಗಿರಾಕಿಯ ಹೆಸರು, ಬಲಗಣ್ಣು. ಈ ಸಲ ಅಂಕಿಯಲ್ಲೇ ಬರೆದ, ಆದರೆ ಚುಕ್ಕೆಯ ಜಾಗದಲ್ಲಿ ಅಲ್ಪವಿರಾಮ. ಮತ್ತೆ "ತಪ್ಪು ಉತ್ತರ". ಮತ್ತೆ ಅಂಗಡಿಯ ಹೆಸರು.

"ಇದು ನನಗೆ ಬೈತಾ ಇದೆ!" ಎಂದು ಮೇಸ್ತ್ರಿ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದೇಬಿಟ್ಟ. "ನಲವತ್ತು ವರ್ಷ ಗಾಜು ಉಜ್ಜಿದೀನಿ. ನನ್ನಪ್ಪನೂ ನನಗೆ ಹಿಂಗೆ ಬೈದಿಲ್ಲ."

"ಬೈತಾ ಇಲ್ಲ ಮೇಸ್ತ್ರಿಗಳೇ, ನೀವು ಟೈಪ್ ಮಾಡಿದ್ದು ಅದಕ್ಕೆ ಅರ್ಥ ಆಗಿಲ್ಲ ಅಷ್ಟೇ" ಎಂದಳು ಗುಬ್ಬಿ.

"ಅರ್ಥ ಆಗ್ಲಿಲ್ಲ ಅಂದ್ರೆ ಹಾಗಂತ ಹೇಳ್ಬೇಕು. ತಪ್ಪು ಅಂದ್ರೆ ಏನು ತಪ್ಪು, ಯಾವುದು ತಪ್ಪು?"

ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಆದರೆ ಮೇಸ್ತ್ರಿಯ ಮಾತು ನೂರಕ್ಕೆ ನೂರು ನಿಜ ಅನಿಸಿತು. ಗುಬ್ಬಿಯ ಪಕ್ಕಕ್ಕೆ ಸ್ಟೂಲು ಎಳೆದುಕೊಂಡು ಕೂತಳು. "ನೋಡು ಗುಬ್ಬಿ, ಫೋನಲ್ಲಿ ಅವರು ಒಂದು ಅಂಕಿ ತಪ್ಪು ಹೇಳಿದ್ರೆ ನಾನು ಫೋನ್ ಕುಕ್ಕಿ, ಮತ್ತೆ ಮೊದಲಿಂದ ಶುರು ಮಾಡಿ ಅಂತೀನಾ? ಆ ಒಂದನ್ನೇ ಮತ್ತೆ ಕೇಳ್ತೀನಿ. ಹೆಂಗೆ ಹೇಳ್ಬೇಕು ಅಂತಾನೂ ಹೇಳ್ತೀನಿ."

ಗುಬ್ಬಿ ಹೂಂಗುಟ್ಟುತ್ತ ಬರೆದಳು. ಸಂಜೆಯ ಹೊತ್ತಿಗೆ ಪರದೆಯ ಭಾಷೆ ಬದಲಾಗಿತ್ತು: "ಅಂಕಿಯಲ್ಲಿ ಬರೆಯಿರಿ, ಹೀಗೆ: 2.50." ಅಲ್ಪವಿರಾಮ ಬಂದರೆ ಅದೇ ಚುಕ್ಕೆ ಮಾಡಿಕೊಳ್ಳುತ್ತಿತ್ತು. ಖಾಲಿ ಜಾಗ ಬಿದ್ದರೆ ತಾನೇ ಒರೆಸಿಕೊಳ್ಳುತ್ತಿತ್ತು. ಅಕ್ಕ ಬೇಕೆಂದೇ 2.30 ಎಂದು ಟೈಪು ಮಾಡಿ ನೋಡಿದಳು. ಅದು ಸುಮ್ಮನೆ ಒಪ್ಪಿಕೊಂಡಿತು.

"ಅಯ್ಯೋ, ಎರಡು ಮೂವತ್ತು ಅನ್ನೋ ಪವರ್ ನಮ್ಮ ಹತ್ತಿರ ಇಲ್ವೇ ಇಲ್ಲ! ಕಾಲು ಕಾಲು ಹೆಜ್ಜೆನೇ ಇಡೋದು. ಎರಡು, ಎರಡೂಕಾಲು, ಎರಡೂವರೆ."

"ಇದನ್ನ ಯಾರೂ ನನಗೆ ಹೇಳ್ಲೇ ಇಲ್ವಲ್ಲ ದೊಡ್ಡಮ್ಮ!"

"ನೀನು ಕೇಳಿದ್ಯಾ?"

ಗುಬ್ಬಿ ನಾಲಿಗೆ ಕಚ್ಚಿಕೊಂಡಳು. ಪ್ರಶ್ನೆ ಕೇಳುವ ಯಂತ್ರ ಬರೆಯಲು ಬಂದವಳು ಪ್ರಶ್ನೆ ಕೇಳುವುದನ್ನೇ ಮರೆತಿದ್ದಳು.

ಬುಧವಾರ ಯಜಮಾನರ ಪರೀಕ್ಷೆ. ಒಂದು ದಿನದ ಎಲ್ಲ ಫೋನೂ ಮೇಸ್ತ್ರಿಯೇ ತೆಗೆದುಕೊಂಡು ಸ್ಕ್ರಿಪ್ಟಿಗೆ ತುಂಬಬೇಕು. ಅಕ್ಕ ಎರಡನೆಯ ರಿಸೀವರಿನಲ್ಲಿ ಕೇಳಿಸಿಕೊಳ್ಳುತ್ತ ತನ್ನ ಚೀಟಿ ತಾನು ಬರೆಯಬೇಕು, ಬಾಯಿ ಮಾತ್ರ ಬಿಡಬಾರದು. ಸಂಜೆ ತಾಳೆ ನೋಡುವುದು. ಯಜಮಾನರು ಕಡ್ಡಿ ಮುರಿದ ಹಾಗೆ ಹೇಳಿಯೂ ಬಿಟ್ಟರು: "ಶನಿವಾರದೊಳಗೆ ಇದು ನೆಟ್ಟಗಾಗ್ದಿದ್ರೆ ರೆಡಿಮೇಡ್ ಪ್ರೋಗ್ರಾಂ ತರಿಸ್ತೀನಿ. ಅಂಗಡಿಯವರೇ ಅಲ್ಲಿಂದ ತುಂಬಿ ಕಳಿಸ್ತಾರೆ. ಕೇಳೋದೂ ಇಲ್ಲ, ಹೇಳೋದೂ ಇಲ್ಲ."

ಕೇಳೋದೂ ಇಲ್ಲ ಎಂಬ ಆ ಮಾತು ಅಕ್ಕನ ಎದೆಗೆ ನಾಟಿತು. ಕುರ್ಚಿ ಬಿಟ್ಟು ಹೋಗಲು ಅವಳಿಗೆ ಬೇಸರವಿರಲಿಲ್ಲ. ಗಂಡನ ಜೊತೆ ಕೂತು ಮಧ್ಯಾಹ್ನದ ಕಾಫಿ ಕುಡಿಯುವ ಆಸೆ ಬೇಕಾದಷ್ಟಿತ್ತು. ಆದರೆ ತನ್ನ ಜೊತೆಗೇ ಆ ಪ್ರಶ್ನೆಯೂ ಎದ್ದು ಹೋದರೆ, ಇನ್ನೊಬ್ಬ ಹೊಲಿಗೆಯವಳು ಇನ್ನೆಲ್ಲೋ ತನ್ನ ಕೈಯನ್ನು ತಾನೇ ಬೈದುಕೊಳ್ಳುತ್ತ ಕೂರುತ್ತಾಳೆ. ಅದು ಅವಳಿಗೆ ಬೇಡವಾಗಿತ್ತು.

ಬುಧವಾರ ಎಂಬತ್ತನಾಲ್ಕು ಫೋನು ಬಂತು. ಸ್ಕ್ರಿಪ್ಟು ಎಲ್ಲೂ ಕೈಕೊಡಲಿಲ್ಲ. ಕೊನೆಯಲ್ಲಿ ಎಲ್ಲವನ್ನೂ ಒಟ್ಟಿಗೆ ತೋರಿಸಿ "ಸರಿಯೇ? ಸರಿಯಿದ್ದರೆ ಎಂಟರ್ ಒತ್ತಿ" ಎನ್ನುತ್ತಿತ್ತು. ಮೇಸ್ತ್ರಿ ಓದಿ ಹೇಳುತ್ತಿದ್ದ, ಅಂಗಡಿಯವರು "ಸರಿ ಸರಿ" ಎನ್ನುತ್ತಿದ್ದರು, ಮೇಸ್ತ್ರಿ ಟಪ್ಪೆಂದು ಎಂಟರ್ ಒತ್ತುತ್ತಿದ್ದ. ಹನ್ನೊಂದು ಗಂಟೆಗೆಲ್ಲ ಅವನಿಗೆ ರುಚಿ ಹತ್ತಿ, ನಡುನಡುವೆ ಸಿಳ್ಳೆ ಹಾಕತೊಡಗಿದ. ಗುಬ್ಬಿಯ ಮುಖ ಅರಳಿತ್ತು.

ಅಕ್ಕ ಮಾತ್ರ ಏಳು ಚೀಟಿಗಳನ್ನು ಬೇರೆ ಇಟ್ಟುಕೊಂಡಿದ್ದಳು. ಆ ಏಳರಲ್ಲಿ ಅಂಗಡಿಯವರು ಗುರುತು ಹೇಳಿರಲಿಲ್ಲ. ಗುರುತಿಲ್ಲದಿದ್ದರೆ ಪ್ಲಸ್ ಎಂದುಕೊಳ್ಳಲು ಗುಬ್ಬಿ ಸ್ಕ್ರಿಪ್ಟಿಗೆ ಕಲಿಸಿದ್ದಳು. ಸಂಜೆ ಅಕ್ಕ ಆ ಏಳೂ ಕಡೆಗೆ ಫೋನು ಮಾಡಿ ತನ್ನ ಮಾಮೂಲಿ ಪ್ರಶ್ನೆ ಕೇಳಿದಳು. ನಾಲ್ಕು ಪ್ಲಸ್, ಮೂರು ಮೈನಸ್.

"ಮೂರು ತಪ್ಪು" ಎಂದರು ಯಜಮಾನರು, ಮೊಬೈಲಿನಿಂದ ತಲೆ ಎತ್ತದೆ.

"ಆದ್ರೆ ಅವರೇ ಸರಿ ಅಂದಿದ್ರಲ್ಲ! ಎಂಬತ್ತನಾಲ್ಕು ಜನಾನೂ ಸರಿ ಅಂದಿದ್ರು" ಎಂದು ಗುಬ್ಬಿ ಇಂಗು ತಿಂದ ಮಂಗನ ಹಾಗೆ ನಿಂತಳು. ಅವಳ ಕಣ್ಣಂಚು ಒದ್ದೆಯಾದದ್ದನ್ನು ಅಕ್ಕ ನೋಡಿದಳು. ಒಳಗೆ ಹೋಗಿ ಟೀ ಮಾಡಿಕೊಂಡು ಬಂದಳು.

"ಯಜಮಾನ್ರೇ, ನಿಮ್ಮ ಲೋಟಕ್ಕೆ ಸಕ್ಕರೆ ಬದಲು ಉಪ್ಪು ಹಾಕಿದೀನಿ. ಸರಿನಾ?"

"ಸರಿ ಸರಿ, ಅಲ್ಲಿಡಿ ಅಕ್ಕ."

ಗುಬ್ಬಿ ಬಾಯಿಗೆ ಕೈ ಅಡ್ಡ ಹಿಡಿದಳು. ಯಜಮಾನರು ಲೋಟ ಎತ್ತಿದರು, ಒಂದು ದೊಡ್ಡ ಗುಟುಕು ಎಳೆದರು. ಆಮೇಲೆ ಅವರ ಮುಖ ಹೋದ ದಿಕ್ಕುಗಳನ್ನು ಮೇಸ್ತ್ರಿ ಇಂದಿಗೂ ಅಭಿನಯಿಸಿ ತೋರಿಸುತ್ತಾನೆ. ಅವರು ಬಾಗಿಲಾಚೆ ಓಡಿ ಉಗುಳಿ ಬರುವಷ್ಟರಲ್ಲಿ ಮೂವರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

"ನಾನು ಹೇಳೇ ಹಾಕಿದ್ದು ಯಜಮಾನ್ರೇ. ನೀವೇ ಸರಿ ಅಂದ್ರಿ" ಎಂದಳು ಅಕ್ಕ, ಸಕ್ಕರೆಯ ಲೋಟ ಮುಂದಿಡುತ್ತ. "ಸರಿನಾ ಅಂತ ಕೇಳಿದ್ರೆ ಎಲ್ಲರೂ ಸರಿ ಅಂತಾರೆ. ಸುಳ್ಳು ಹೇಳಬೇಕು ಅಂತಲ್ಲ. ಬೇಗ ಮುಗೀಲಿ ಅಂತ. ಅದಕ್ಕೇ ಕೇಳಿದ್ದನ್ನೇ ಇನ್ನೊಂದು ಬಾಗಿಲಿಂದ ಹೋಗಿ ಕೇಳಬೇಕು."

ಯಜಮಾನರು ಬಾಯಿ ಒರೆಸಿಕೊಳ್ಳುತ್ತ, "ಶನಿವಾರದವರೆಗೆ ಟೈಮಿದೆ" ಎಂದಷ್ಟೇ ಹೇಳಿ ಹೋದರು. ಮೊಬೈಲನ್ನು ಮೇಜಿನ ಮೇಲೇ ಮರೆತಿದ್ದರು.

ಗುರುವಾರ, ಶುಕ್ರವಾರ ದೊಡ್ಡಮ್ಮ ಮಗಳು ಇಬ್ಬರೂ ಪರದೆಯ ಮುಂದೆ ತಲೆಗೆ ತಲೆ ತಾಗಿಸಿ ಕೂತರು. ಸುಮ್ಮನೆ ಎಂಟರ್ ಒತ್ತಿದರೆ ಗುರುತಿನ ಸಾಲು ಮುಂದಕ್ಕೆ ಹೋಗದ ಹಾಗೆ ಗುಬ್ಬಿ ಮಾಡಿದಳು: ಪ್ಲಸ್ಸೋ ಮೈನಸ್ಸೋ ಬಾಯಿ ಬಿಟ್ಟು ಹೇಳಲೇಬೇಕು. "ಸರಿಯೇ?" ಎಂಬ ಸಾಲನ್ನು ಅಳಿಸಿಹಾಕಿದಳು. ಅದರ ಬದಲು, ನಾಲ್ಕು ಸಾಲು ಕೆಳಗೆ, ಅಕ್ಕನ ಪ್ರಶ್ನೆ ಅವಳ ಮಾತಿನಲ್ಲೇ ಬಂತು: "ಅವರಿಗೆ ಓದುವಾಗ ಮಸುಕೋ, ದೂರದ ಬೋರ್ಡ್ ಮಸುಕೋ?" ಓದುವಾಗ ಆದರೆ ಒಂದು, ದೂರ ಆದರೆ ಎರಡು. ಅಕ್ಕ ಮೂರನೆಯದೂ ಬೇಕೆಂದು ಹಟ ಹಿಡಿದಳು.

"ಮೂರು ಯಾಕೆ ದೊಡ್ಡಮ್ಮ? ಇರೋದೇ ಎರಡಲ್ವಾ?"

"ಗೊತ್ತಿಲ್ಲ ಅನ್ನೋದಕ್ಕೆ. ಗೊತ್ತಿಲ್ಲ ಅನ್ನೋಕೆ ಜಾಗ ಕೊಡದಿದ್ರೆ ಜನ ಒಂದನ್ನೋ ಎರಡನ್ನೋ ಊಹಿಸಿ ಒತ್ತಿಬಿಡ್ತಾರೆ ಮಗಳೇ. ಗೊತ್ತಿಲ್ಲದವರಿಗೆ 'ಗಿರಾಕಿನ ಕೇಳಿ ಫೋನ್ ಮಾಡಿ, ನಿಮ್ಮ ಆರ್ಡರ್ ಹೀಗೇ ಇಟ್ಕೊಂಡಿರ್ತೀನಿ' ಅಂತ ಹೇಳ್ಸು."

ಗುಬ್ಬಿ ಬರೆಯುವುದನ್ನು ನಿಲ್ಲಿಸಿ ದೊಡ್ಡಮ್ಮನ ಕಡೆ ತಿರುಗಿದಳು. "ಇಷ್ಟೆಲ್ಲ ತಲೇಲಿಟ್ಕೊಂಡು ಇಷ್ಟು ವರ್ಷ ಬರೀ ಫೋನ್ ತಗೋತಿದ್ರಾ ನೀವು?" ಅಂದಳು.

"ಬರೀ ಫೋನ್ ಅಂತೆ!" ಎಂದು ಅಕ್ಕ ಅವಳ ತಲೆಗೆ ಮೊಟಕಿದಳು.

ಶನಿವಾರ ಬೆಳಗ್ಗೆ ಎಲ್ಲರೂ ಮುಂದಿನ ಕೋಣೆಯಲ್ಲಿ ಸೇರಿದರು. ಯಜಮಾನರ ಕೈಯಲ್ಲಿ ರೆಡಿಮೇಡ್ ಪ್ರೋಗ್ರಾಮಿನ ಕಾಗದ. ಮಧ್ಯಾಹ್ನದೊಳಗೆ ಸಹಿ ಹಾಕಬೇಕು, ಇಲ್ಲವೇ ಹರಿಯಬೇಕು. ಅಕ್ಕನಿಗೆ ಕಾರ್ಖಾನೆಯಿಂದ ಬೀಳ್ಕೊಡುಗೆ ಏನೆಂದರೆ ಒಂದು ಹೊಸ ಕನ್ನಡಕ. ಮೂವತ್ತೊಂದು ವರ್ಷ ಊರಿಗೆಲ್ಲ ಗಾಜು ಕಳಿಸಿದವಳು ತಾನು ಮಾತ್ರ ಗೀರು ಬಿದ್ದ ಹಳೆಯದರಲ್ಲೇ ಕಾಲ ಹಾಕುತ್ತಿದ್ದಳು. ದಿನದ ಮೊದಲ ಆರ್ಡರು ಅವಳದೇ ಆಗಲಿ, ಅವಳೇ ತುಂಬಲಿ ಎಂದು ಮೇಸ್ತ್ರಿ ಕುರ್ಚಿ ಬಿಟ್ಟುಕೊಟ್ಟ.

ಅಕ್ಕ ಕಣ್ಣಿನ ಡಾಕ್ಟರು ಕೊಟ್ಟ ಚೀಟಿಯನ್ನು ಮೇಜಿನ ಮೇಲೆ ಹರಡಿಕೊಂಡಳು. ಪ್ಲಸ್ ಎರಡೂಕಾಲು, ಎರಡೂ ಕಣ್ಣಿಗೆ. ಎಲ್ಲರೂ ನೋಡುತ್ತಿದ್ದಾರೆಂಬ ಹುರುಪು. ಎರಡು ದಿನದಲ್ಲಿ ಕಲಿತ ಕೈಚಳಕ ತೋರಿಸುವ ಚಪಲ. ಬೆರಳು ಟಕಟಕ ಓಡಿದವು. ಹೆಸರು, ಬಲಗಣ್ಣು, ಗುರುತು, ಎಡಗಣ್ಣು, ಗುರುತು, ಚೌಕಟ್ಟಿನ ಅಳತೆ, ಗಾಜಿನ ಬಗೆ. ಮಸುಕಿನ ಪ್ರಶ್ನೆ ಬಂದಾಗ ಮುಗುಳ್ನಕ್ಕು "1" ಒತ್ತಿದಳು: ಓದುವಾಗ. ಎಂಟರ್.

ಪರದೆ ಮುಂದಕ್ಕೆ ಹೋಗಲಿಲ್ಲ. ಒಂದು ಸಾಲು ಬಂತು.

"ಗುರುತು ಮೈನಸ್ ಅಂದಿರಿ, ಮಸುಕು ಓದುವಾಗ ಅಂದಿರಿ. ಎರಡೂ ಕೂಡುತ್ತಿಲ್ಲ. ಚೀಟಿ ನೋಡಿಕೊಂಡು ಗುರುತು ಇನ್ನೊಂದ್ಸಲ ಹೇಳಿ."

ಅಕ್ಕ ಕನ್ನಡಕ ಹಣೆಗೇರಿಸಿ, ಇಳಿಸಿ, ಮತ್ತೆ ಓದಿದಳು. ಮೇಲಿನ ಸಾಲು ನೋಡಿದಳು. ಹೌದು, ಮೈನಸ್. ದಿನಕ್ಕೆ ಹತ್ತರಲ್ಲಿ ಏಳು ಚೀಟಿ ಮೈನಸ್ಸೇ ಬರೆದು ಬರೆದು, ಅವಳ ಕೈ ಅವಳನ್ನು ಕೇಳದೆ ಆ ಗೀಟು ಎಳೆದುಬಿಟ್ಟಿತ್ತು.

"ಇನ್ನೊಂದ್ಸಲದಕ್ಕನ್ನೇ ಹಿಡಿದುಬಿಡ್ತಲ್ರೋ ಇದು!" ಎಂದು ಮೇಸ್ತ್ರಿ ಕೂಗಿದ. ಬೆನ್ನ ಹಿಂದಿನ ಹೆಸರು ಎದುರಿಗೇ ಬಾಯಿಂದ ಬಂದದ್ದು ಅರಿವಾಗಿ ಗಪ್ಪಾದ.

ಗುಬ್ಬಿಯ ಮುಖ ಬಿಳಿಚಿಕೊಂಡಿತ್ತು. ಬಗ್ಗಿ ಕಿವಿಯಲ್ಲಿ ಪಿಸುಗುಟ್ಟಿದಳು: "ದೊಡ್ಡಮ್ಮ, ಬೇಕಂತಲೇ ಮಾಡಿದ್ರಾ? ನನಗೋಸ್ಕರ?"

"ಇಲ್ವೇ!" ಎಂದಳು ಅಕ್ಕ, ಎಲ್ಲರಿಗೂ ಕೇಳುವ ಹಾಗೆ. "ನಿನ್ನಾಣೆ, ಬೇಕಂತ ಮಾಡಿದ್ದಲ್ಲ. ನಿಜವಾಗ್ಲೂ ತಪ್ಪಿದೆ ಕಣೇ! ನಾನೇ ತಪ್ಪಿದೆ!"

ತಪ್ಪು ಮಾಡಿದೆನೆಂದು ಇಷ್ಟು ಸಂಭ್ರಮದಿಂದ ಯಾರಾದರೂ ಕೂಗಿದ್ದನ್ನು ಆ ಕೋಣೆ ಕಂಡಿರಲಿಲ್ಲ. ನಗುತ್ತಿದ್ದವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಅವಳು ಹೆದರಿದ್ದದ್ದು ತಾನಿಲ್ಲದಾಗ ಕೇಳುವವರು ಯಾರು ಎಂದು. ತಾನು ಇದ್ದಾಗಲೇ, ತನ್ನನ್ನೇ, ತನ್ನ ಮಾತಿನಲ್ಲೇ ಪರದೆ ಕೇಳಿತ್ತು. ಇನ್ನು ಯಾವ ಹೆದರಿಕೆ?

ಯಜಮಾನರು ಕೈಯಲ್ಲಿದ್ದ ಕಾಗದವನ್ನು ಎರಡಾಗಿ, ನಾಲ್ಕಾಗಿ ಹರಿದು ಬುಟ್ಟಿಗೆ ಹಾಕಿದರು. ಆಮೇಲೆ ಬುಟ್ಟಿಯೊಳಗೆ ಬಗ್ಗಿ ನೋಡಿ, "ಹರಿದಿದ್ದು ಅದೇ ಕಾಗದ ತಾನೆ ಅಕ್ಕ?" ಎಂದು ಕೇಳಿ ಎಲ್ಲರನ್ನೂ ಮತ್ತೆ ನಗಿಸಿದರು.

ಆ ಗಾಜನ್ನು ಬೇರೆ ಯಾರ ಕೈಗೂ ಕೊಡದೆ, ಮಂಡಿ ನೋವಿದ್ದರೂ ಮೇಸ್ತ್ರಿಯೇ ಹಜಾರಕ್ಕೆ ಹೋಗಿ ಉಜ್ಜಿದ. ಮಧ್ಯಾಹ್ನ ಮೂರು ಗಂಟೆಗೆ ಕನ್ನಡಕ ಮೇಜಿಗೆ ಬಂತು. ಅಕ್ಕ ಹಾಕಿಕೊಂಡು ಮೊದಲು ಮಾಡಿದ ಕೆಲಸ ಕ್ಯಾಲೆಂಡರಿನಿಂದ ಸೂಜಿ ಕೀಳುವುದು. ಗುಬ್ಬಿಯ ದುಪಟ್ಟಾದ ಅಂಚಿನಿಂದ ಒಂದು ಎಳೆ ಎಳೆದುಕೊಂಡು, ನಾಲಿಗೆಯ ತುದಿಯಲ್ಲಿ ಒದ್ದೆ ಮಾಡಿ, ಬೆಳಕಿಗೆ ಹಿಡಿದಳು. ಒಂದೇ ಸಲಕ್ಕೆ ಹೋಯಿತು. ದಾರದ ಸಮೇತ ಸೂಜಿಯನ್ನು ಮತ್ತೆ ಅದೇ ಜಾಗದಲ್ಲಿ ಚುಚ್ಚಿದಳು.

ಚೀಲ ಹೆಗಲಿಗೆ ಹಾಕಿಕೊಂಡು ಅಂಗಳ ದಾಟುವಾಗ ಒಳಗೆ ಫೋನು ರಿಂಗಾಯಿತು. ಅವಳ ಕೈ ತಾನಾಗಿಯೇ ಮುಂದಕ್ಕೆ ಬಂತು, ಅಲ್ಲೇ ನಿಂತಿತು. ಮೇಸ್ತ್ರಿ ಎತ್ತಿಕೊಂಡ. ಪರದೆ ಹೇಳಿದ್ದನ್ನು ಅವನು ಓದುವುದು ಕಿಟಕಿಯಿಂದ ಕೇಳಿಸುತ್ತಿತ್ತು, ಸಿಡುಕಿಲ್ಲದೆ, ಒಂದೊಂದಾಗಿ. ಗೇಟಿನ ಹತ್ತಿರ ಗಂಡ ಕಾಯುತ್ತಿದ್ದ. ಅವನು ಏನೋ ಹೇಳಲು ಬಾಯಿ ತೆರೆದ. ಅಕ್ಕ ತುಟಿಯ ಮೇಲೆ ಬೆರಳಿಟ್ಟು ತಡೆದಳು.

"ಬೇಜಾರು ಮಾಡ್ಕೋಬೇಡಿ ಸ್ವಾಮಿ," ಎನ್ನುತ್ತಿದ್ದ ಒಳಗೆ ಮೇಸ್ತ್ರಿ, "ಇನ್ನೊಂದ್ಸಲ ಹೇಳಿ."